‘ರನ್’ ಪದದ ಪಂಚನಾಮೆ

ಇಂಗ್ಲಿಷಿನ ಒಂದು ಪದವನ್ನು ಹಿಡಿದು ತಂದು, ಇಬ್ಬರು ಸಾಕ್ಷಿದಾರರ ಎದುರು ಅದರ ಪಂಚನಾಮೆ ಮಾಡಿಸಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಮೂಡಲಗಿಯಲ್ಲಿರುವ ನನ್ನ ಕಾಕಾ! ಹುಕ್ಕೇರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಬ್ಬರ ಸಹಿ ಬೀಳದ ಹೊರತು ಸೂರ್ಯ ಮೂಡಿದನೆಂದೂ ಒಪ್ಪದವರು.

ಅವರ ಒಬ್ಬಳೇ ಮಗಳು, ದಾಳಿಂಬೆಯ ಅಧ್ಯಯನಕ್ಕೆಂದು ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಬಂದಿದ್ದ ಸ್ಪೇನಿನ ವಿದ್ವಾಂಸನನ್ನು ಮದುವೆಯಾಗಿ ಅವನ ದೇಶಕ್ಕೆ ಹೋದಳು. ಕಳೆದ ವರ್ಷ ಅಲ್ಲಿಯೇ ತೀರಿಕೊಂಡಳು. ನಾಲ್ಕು ತಿಂಗಳ ತರುವಾಯ (ಅಂಚೆಮುದ್ರೆಯನ್ನು ಎರಡು ಸಲ ಪರಿಶೀಲಿಸಿಯೇ ಹೇಳುತ್ತಿದ್ದೇನೆ) ಮೊಮ್ಮಗಳ ಪತ್ರ ಬಂತು. ಅವಳಿಗೆ ಕನ್ನಡ ಬಾರದು. ಇವರಿಗೆ ಸ್ಪ್ಯಾನಿಷ್ ಬಾರದು. ನಡುವೆ ಇದ್ದದ್ದು ಕುಂಟು ಇಂಗ್ಲಿಷ್. ‘ರನ್ ಎಂದರೇನು ಅಜ್ಜಾ? ಓಡುವುದಕ್ಕೆ ನಾವನ್ನುವ ಕೊರ್ರೆರ್ ಎಲ್ಲ ಕಡೆಗೂ ಹೊಂದುವುದಿಲ್ಲ. ಮೊದಲು ಅಮ್ಮ ಹೇಳಿಕೊಡುತ್ತಿದ್ದಳು.’

ಉತ್ತರ ತಪ್ಪಿದರೆ ಮಗು ಮತ್ತೆ ಬರೆಯಲಾರದೆಂಬ ಭಯ ಕಾಕಾರನ್ನು ಹಿಡಿಯಿತು. ಮರುದಿನವೇ ತನಿಖೆ ಆರಂಭವಾಯಿತು!

ನದಿಯೂ ‘ರನ್’ ಆಗುತ್ತದೆಂದು ನಿಘಂಟು ಹೇಳಿತ್ತು. ಕಡುಬೇಸಿಗೆಯಲ್ಲಿ ನನ್ನನ್ನು ಗೋಕಾಕಿನ ಘಟಪ್ರಭೆಯ ದಂಡೆಗೆ ಎಳೆದೊಯ್ದರು. ಕಂಡದ್ದು ಬರಿಯ ಬಂಡೆ.

“ತಮ್ಮಾ, ನೀರ ಇಲ್ಲ. ಹರಿತೈತಿ ಅಂತ ಹೆಂಗ ಬರೀಲಿ?”

“ಕಾಕಾ, ಮಳಿಗಾಲದಾಗ ಹರಿತೈತಲ್ರಿ!”

“ಹಂಗಾರ ಮಳಿಗಾಲದಾಗ ಸಹಿ ಮಾಡೂಣು.”

ಹೀಗಾಗಿ ಆ ಅರ್ಥ ಆಷಾಢದವರೆಗೆ ತಡೆಹಿಡಿಯಲ್ಪಟ್ಟಿತು.

ಬಸ್ಸಿನ ಸರದಿ ಬಂದಾಗ ಕುಲಗೋಡದಿಂದ ಗೋಕಾಕಿನವರೆಗೆ ಕುಳಿತು, ಕಂಡಕ್ಟರನ ಮುಂದೆ ಕಾಗದ ಚಾಚಿದರು.

“ಯಜ್ಜಾರ, ಬಸ್ ಓಡತೈತಿ ಅಂತ ಸಹಿ ಮಾಡಿ, ನಾಳಿ ಅದು ಕೆಟ್ಟ ನಿಂತ್ರ ನನ್ನ ನೌಕರಿ ಹೋಗತೈತ್ರಿ!”

“ನಿಂತ್ರ ನಿಂತಿದ್ದಕ್ಕ ಬ್ಯಾರೆ ಪಂಚನಾಮೆ ಮಾಡೂಣಂತ, ನೀ ಮೊದಲ ಸಹಿ ಮಾಡೋ!”

ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ಸಹಿ ಹಾಕಿದ. ಎರಡನೆಯ ಸಾಕ್ಷಿ ಎಂದಿನಂತೆ ನಾನೇ. ಮೂಗು ಸೋರುವ ಅರ್ಥಕ್ಕಾಗಿ ನೆರೆಮನೆಯವರಿಗೆ ನೆಗಡಿ ಹಿಡಿಯುವುದನ್ನೇ ಕಾದದ್ದನ್ನೂ, ಹಿಡಿದಾಗ ಸಂತೋಷದಿಂದ ಪೇಢೆ ಹಂಚಿದ್ದನ್ನೂ ಇಲ್ಲಿ ವಿಸ್ತರಿಸಲಾರೆ.

ಆಷಾಢದಲ್ಲಿ ಹೊಳೆ ಬಂತು. ನದಿಯ ಅರ್ಥಕ್ಕೂ ಸಹಿ ಬಿತ್ತು. ಹನ್ನೊಂದು ಅರ್ಥಗಳ ಕಾಗದವನ್ನು ಕಾಕಾ ನನ್ನ ಕೈಗಿತ್ತರು. ದಿನಾಂಕಗಳನ್ನೆಲ್ಲ ತಾಳೆ ನೋಡಿದೆ, ಒಂದೂ ತಪ್ಪಿರಲಿಲ್ಲ. ಆದರೆ ಮೊದಲ ಸಾಲು ಖಾಲಿ ಇತ್ತು.

“ಕಾಕಾ, ಕಾಲಿಲೆ ಓಡೂದ ಬಿಟ್ಟೀರಲ್ರಿ. ಅದ ಮೂಲ ಅರ್ಥ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. “ಅದಕ್ಕ ಸಾಕ್ಷಿ ಸಿಗಲಿಲ್ಲ ತಮ್ಮಾ.”

ಓಣಿಯ ತುಂಬ ಮಕ್ಕಳು ಓಡುತ್ತಿದ್ದರು.

ಅಲ್ಲೇ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಕಾಕೂ, ಅಂದರೆ ಕಾಕಾರ ಹೆಂಡತಿ, ಮೊರವನ್ನು ಕೆಳಗಿಟ್ಟರು. ಸಾವಿನ ಸುದ್ದಿ ಬಂದ ದಿನದಿಂದ ಆ ಮನೆಯಲ್ಲಿ ಮಗಳ ಮಾತು ಆಡಿದವರಿರಲಿಲ್ಲ.

“ಬರಕೋರಿ,” ಎಂದು, ಮೊಮ್ಮಗಳಿಗೇ ಹೇಳುವಂತೆ ಮುಂದುವರಿಸಿದರು. “ಸಾಲಿ ಬಿಟ್ಟ ಕೂಡ್ಲೆ ನಿಮ್ಮವ್ವ ಆ ಮೂಲಿಯಿಂದ ಈ ಕಟ್ಟಿತನಾ ಓಡಿ ಬರ್ತಿದ್ಲು. ಒಂದ ದಿನಾನೂ ನಡಕೋಂತ ಬರ್ಲಿಲ್ಲ. ನಾ ನೋಡೇನಿ. ಹಾಕ್ರಿ ನನ್ನ ಹೆಸರ.”

ಕಾಕಾ ಅಕ್ಷರ ಅಕ್ಷರ ಜೋಡಿಸಿ ಬರೆದರು. ಕಾಕೂ ನಿಧಾನವಾಗಿ ತಮ್ಮ ಹೆಸರು ಗೀಚಿದರು. ಲೇಖನಿ ತೆಗೆದು ನಾನು ಸಿದ್ಧನಾದೆ. ಕಾಕಾ ನನಗೆ ಕಾಗದ ಕೊಡಲಿಲ್ಲ. ಓಣಿಯ ಆ ಮೂಲೆಯನ್ನೊಮ್ಮೆ ನೋಡಿ, ಎರಡನೆಯ ಸಾಕ್ಷಿಯ ಜಾಗದಲ್ಲಿ ತಾವೇ ಸಹಿ ಹಾಕಿದರು.