ಹಿತ್ತಲ ಬಾಗಿಲ ಬಂದೂಕು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಯಾರಿಗೂ ಬೆನ್ನು ತೋರಿಸಿದವನಲ್ಲ! ಮಹಾಶೂರ ಅಂದುಕೊಂಡಿರಾ? ಅಯ್ಯೋ, ಬೆನ್ನ ಹಿಂದೆ ಯಾರು ಏನು ಮಾಡುತ್ತಾರೋ ಎಂಬ ಅನುಮಾನ ಅಷ್ಟೆ. ಬಂಗಾರಪೇಟೆ ಸ್ಟೇಷನ್ನಿನಲ್ಲೂ ಗೋಡೆಗೆ ಒರಗಿಯೇ ನಿಲ್ಲುತ್ತಿದ್ದ.

ಕಸುಬು ಕುಲುಮೆ. ಹಂದಿ ಓಡಿಸಲು ರೈತರು ಇಟ್ಟುಕೊಂಡ ಬಂದೂಕುಗಳನ್ನೂ ರಿಪೇರಿ ಮಾಡುತ್ತಿದ್ದ. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಬಂದೂಕಾದರೆ ಅವನಿಗೆ ಪ್ರಾಣ. ಹಿಂಬದಿಯ ಮುಚ್ಚಳ ತೆರೆದು ತೋಟಾ ಇಡುವಂಥದ್ದು ಬಂತೋ, ಮುಖ ಸಿಂಡರಿಸಿಬಿಡುತ್ತಿದ್ದ.

ಒಮ್ಮೆ ರೈತನೊಬ್ಬ ಅಂಥದ್ದನ್ನು ತಂದು, "ಮಿಲ್ಟ್ರಿಯೋರ್ದು ಕಣಣ್ಣ, ಅಳೇದಾದ್ರೂ ಗಟ್ಟಿ" ಎಂದ.

"ಮುಂದ್ಲ ಬಾಗ್ಲಾಗೆ ಬರೋನು ನೆಂಟ. ಇತ್ಲ ಬಾಗ್ಲಾಗೆ ಬರೋನ್ಯಾರ್ಲಾ?" ಎಂದ ಮಾವ, ಬಂದೂಕಿನ ಹಿಂಬದಿ ತೋರಿಸಿ.

"...ಕಳ್ಳ?"

"ಅಂಗ್ ಬಾ ದಾರಿಗೆ!"

ಅಂಥ ಬಂದೂಕನ್ನು ಹುಣಸೆಮರಕ್ಕೆ ಕಟ್ಟಿ, ಮುಚ್ಚಳದ ಸಂದಿಗೆ ವೀಳ್ಯದೆಲೆ ಹೊದಿಸಿ, ಗೋಡೆಯಾಚೆ ಕೂತು ದಾರ ಎಳೆಯುತ್ತಿದ್ದ. ಎಲೆ ಕಮರಿದರೆ ಬೆಂಕಿ ಹಿಂದಕ್ಕೆ ಸೋರುತ್ತದೆಂದು ಅರ್ಥ. ಹಾರಿಸುವವನ ಕಣ್ಣು ಹೋಯಿತು! "ಮನೆಗ್ ಬಂದೋರ್ಗೆ ಒಂದೆಲೆ ಇಲ್ಲ, ಬಂದೂಕಿಗೆ ದಿನಾ ತಾಂಬೂಲ!" ಎಂದು ಅತ್ತೆ ಗೊಣಗುತ್ತಿದ್ದಳು.

ಚಿನ್ನದ ಗಣಿಯ ದೊರೆಯೊಬ್ಬನ ಹೊಸ ರೈಫಲ್ಲು ರಿಪೇರಿಗೆ ಬಂದಾಗ ಅದನ್ನು ಬಿಚ್ಚಿ ನನಗೆ ಪಾಠ ಹೇಳಿದ: "ನೋಡ್ಲಾ, ಮುಚ್ಚಳ ಸೋರ್ತು ಅಂತ ಇತ್ತಾಳೆ ತೋಟಾ ಮಾಡಿದ್ರು, ಸಿಡಿದಾಗ ಅದು ಉಬ್ಬಿ ಸಂದಿ ಮುಚ್ತದೆ. ಮುಚ್ಚಳಾನೇ ಕಿತ್ಕೊಂಡ್ರೆ ಅಂತ ಈ ಚಿಲ್ಕ ಇಟ್ರು. ಒಸಾದು ಒಂದೊಂದೂ ಅಳೇದ್ರ ತಪ್ಪೊಪ್ಪಿಗೆ ಕಣ್ಲಾ!"

"ಅಂಗಾದ್ರೆ ಇದು ಸರಿಯೈತೆ ಅಲ್ವಾ ಮಾವ?"

"ಇದ್ರ ತಪ್ಪು ಒಪ್ಕೊಳ್ಳೋನು ಇನ್ನೂ ಉಟ್ಟಿಲ್ಲ!"

ಇಂಥವನ ಸೋದರಳಿಯ ನಾನು. ಮಾರಿಕುಪ್ಪಂ ಬಳಿಯ ಗಣಿಯೊಂದರಲ್ಲಿ ನನಗೆ ಕಾವಲಿನ ಕೆಲಸ ಸಿಗುವಂತಾಯಿತು. ಅಲ್ಲಿ ಕೊಡುವ ಬಂದೂಕು ಯಾವುದು ಗೊತ್ತೆ? ಅದೇ ಹಳೇ ಕಾಲದ, ಹಿಂಬದಿ ಮುಚ್ಚಳದ್ದು! ಸೋಮವಾರ ಬೆಳಗ್ಗೆ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಕಡೆಗೆ ಮೂರು ಗುಂಡು ಹಾರಿಸಿ ತೋರಿಸಿದರೆ ಕೆಲಸ ನನ್ನದು. ಅಪ್ಪ ಇರಲಿಲ್ಲ, ಅಮ್ಮನೂ ಇಬ್ಬರು ತಂಗಿಯರೂ ನನ್ನನ್ನೇ ನಂಬಿದ್ದರು.

"ಓಗ್ಬ್ಯಾಡ," ಎಂದ ಮಾವ.

"ಒಟ್ಟೆಗೆ ನಿನ್ ಅನುಮಾನ ತಿನ್ಲಾ?" ಎಂದು ಕೂಗಾಡಿ ರೈಲು ಹತ್ತಿದೆ.

ಸೋಮವಾರ ನನ್ನ ಸರದಿ ಬಂತು. ಬಂದೂಕು ಎತ್ತಿದ್ದೇ ತಡ, ಯಾರೋ ಅದನ್ನು ಕಿತ್ತುಕೊಂಡರು. ನೋಡಿದರೆ ಮಾವ! ಹಿಂದಿನ ರೈಲಿಗೇ ಬಂದಿಳಿದಿದ್ದ.

"ಯಾರಯ್ಯಾ ನೀನು?" ಕಾವಲಿನವರ ಜಮಾದಾರ ಗದರಿದ.

"ಇವನ್ ಸೋದರ್ಮಾವ. ಮೊದ್ಲು ನಾನು."

ಬಂದೂಕಿಗೆ ಕೆನ್ನೆ ಒತ್ತಿ ಹಾರಿಸಿದ. ಒಂದು. ಎರಡು. ಮೂರು. ಹೊಗೆ ಸರಿದ ಮೇಲೆ ಕಣ್ಣು ಮುಚ್ಚಿ ತೆರೆದು ಸುತ್ತ ನೋಡಿ, "ಕಣ್ಣೈತೆ, ಬಂದೂಕೂ ಸರ್ಯಾಗೈತೆ" ಎಂದ.

ನನಗೆ ರೇಗಿತು. "ನಿನ್ ಕಣ್ಣು ಓಗಿದ್ರೆ ಏನ್ ಗತಿ ಮಾವ?"

"ನನ್ ಕಣ್ಣು ನೋಡೋದೆಲ್ಲಾ ನೋಡಾಯ್ತು. ನಿಂದು ಇನ್ನೂ ನೋಡ್ಬೇಕು ಕಣ್ಲಾ," ಎಂದು ಬಂದೂಕನ್ನು ನನ್ನ ಕೈಗಿಟ್ಟ.

ಕೆಲಸವೇನೋ ಸಿಕ್ಕಿತು. ಆದರೆ ಅಂದು ನಾನು ಹಾರಿಸಿದ ಮೂರು ಗುಂಡು ಎಲ್ಲಿಗೆ ಹೋದವೋ ದೇವರೇ ಬಲ್ಲ. ಕಣ್ಣು ತುಂಬಿಕೊಂಡು, ಎದುರಿಗಿದ್ದ ಅಷ್ಟು ದೊಡ್ಡ ಗುಡ್ಡವೇ ನನಗೆ ಕಾಣಲಿಲ್ಲ.