ಗೆದ್ದವರಿಗೆ ಕುಂಬಳಕಾಯಿ

ನಮ್ಮ ಸೋದರತ್ತೆಗೆ ಕುದುರೆ ಕಂಡರೆ ಭಯ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಅವರು ಹತ್ತಿರದಿಂದ ಕಂಡ ಕುದುರೆ ಒಂದೇ ಒಂದು, ಅದೂ ಯಾರದೋ ಮದುವೆ ಮೆರವಣಿಗೆಯದು. ಅದು ಸುಮ್ಮನೆ ತಲೆ ಕೊಡವಿದ್ದಕ್ಕೆ ಅತ್ತೆ ಪಕ್ಕದ ಪಾತ್ರೆ ಅಂಗಡಿಗೆ ನುಗ್ಗಿಬಿಟ್ಟರು. ಬರಿಗೈಯಲ್ಲಿ ಹೊರಗೆ ಬರಲು ನಾಚಿಕೆಯಾಗಿ ಒಂದು ಇಡ್ಲಿ ಪಾತ್ರೆ ಕೊಂಡು ಬಂದರು. ಹೀಗಿದ್ದೂ ಶನಿವಾರದ ರೇಸಿನಲ್ಲಿ ಯಾವ ಕುದುರೆ ಗೆಲ್ಲುತ್ತದೆ ಎಂದು ಇಡೀ ಚಂದ್ರಾ ಲೇಔಟಿನಲ್ಲಿ ಅವರಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅತ್ತೆಯದೇ ಮಾತು!

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕತ್ತೆ ಎಂದು ಒಮ್ಮೆ ಕೇಳಿದ್ದಕ್ಕೆ, "ಪುರುಸೊತ್ತಾಗ್ಲಿಲ್ಲ ಕಣೇ, ಪೇಪರ್ ತಿದ್ದೋದಿತ್ತು" ಎಂದರು. ನಮ್ಮ ಮನೆಯ ಮಹಡಿಯ ಮೇಲೆ ಅವರ ವಾಸ. ನಿವೃತ್ತಿಯಾದ ಹೊಸದರಲ್ಲಿ ತಿದ್ದಲು ಏನೂ ಸಿಗದೆ ಚಡಪಡಿಸಿದರು. ಬಂದ ಮದುವೆ ಪತ್ರಿಕೆಗಳನ್ನೆಲ್ಲ ತಿದ್ದಿದರು. ದರ್ಶಿನಿಯ ಕ್ಯಾಷಿಯರನ್ನು ತಿದ್ದಿದರು. ನನ್ನನ್ನಂತೂ ಬಿಡಿ, ನಾನು ಅವರ ಕೈಯಲ್ಲಿ ಐದನೇ ಕ್ಲಾಸಿನಿಂದಲೂ ತಿದ್ದಿಸಿಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ಒಂದು ದಿನ ನಮ್ಮಪ್ಪ ತಮ್ಮ ರೇಸ್ ಬುಕ್ಕನ್ನು ಮಹಡಿಯ ಮೇಲೆ ಮರೆತು ಬಂದರು. ಯಾವ ರೇಸಿನಲ್ಲಿ ಯಾವ ಕುದುರೆ ಓಡುತ್ತದೆ, ಅದರ ವಯಸ್ಸೇನು, ಎಷ್ಟು ಭಾರ ಹೊರುತ್ತದೆ, ಹಿಂದೆ ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಓಡಿತ್ತು ಎಲ್ಲವೂ ಇರುವ ತೆಳು ಪುಸ್ತಕ ಅದು. ಸಂಜೆ ವಾಪಸ್ಸು ಬಂದಾಗ ಪುಟಗಳೆಲ್ಲ ಕೆಂಪಾಗಿದ್ದವು! ಪ್ರತಿ ಕುದುರೆಗೂ ನೂರಕ್ಕೆ ಇಷ್ಟು ಎಂದು ಅಂಕ ಬಿದ್ದಿತ್ತು. ಪಕ್ಕದಲ್ಲಿ ಷರಾ ಬೇರೆ. "ಬುದ್ಧಿ ಇದೆ, ಗಮನ ಸಾಲದು." "ಕೊನೆಯ ಇನ್ನೂರು ಮೀಟರಿನಲ್ಲಿ ಸೋಮಾರಿ." ಒಂದು ಪಾಪದ ಕುದುರೆಯ ಮುಂದೆ, "ಪೋಷಕರು ಬಂದು ಕಾಣತಕ್ಕದ್ದು" ಎಂದಿತ್ತು.

"ಇದು ಕಾಲ, ವೇಗ, ದೂರದ ಲೆಕ್ಕ ಕಣೋ. ಒಂಬತ್ತನೇ ಕ್ಲಾಸಿನ ಮಕ್ಳು ಮಾಡ್ತಾರೆ. ಇಪ್ಪತ್ತು ವರ್ಷದಿಂದ ನೀನು ಇದ್ರಲ್ಲಿ ಫೇಲಾಗ್ತಾ ಇದೀಯಲ್ಲ!" ಎಂದರು ಅಪ್ಪನಿಗೆ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವತ್ತಿನಿಂದ ಬೆಂಗಳೂರಿನ ಕುದುರೆಗಳೆಲ್ಲ ನಮ್ಮತ್ತೆಯ ವಿದ್ಯಾರ್ಥಿಗಳಾದವು. ಹೆಸರು ಹೇಳಿ ಕರೆಯುವ ಪದ್ಧತಿಯೂ ಇಲ್ಲ. "ಮೂರನೇ ರೇಸಿನ ರೋಲ್ ನಂಬರ್ ಐದು" ಎನ್ನುತ್ತಾರೆ.

ಅಪ್ಪನ ಸಿದ್ಧಾಂತ ಬೇರೆ. ಬಸ್ ಡಿಪೋದಲ್ಲಿ ಜನ್ಮ ಸವೆಸಿದ ಅವರಿಗೆ ಕುದುರೆ ಮುಖ್ಯವೇ ಅಲ್ಲ, ಮೇಲೆ ಕೂತ ಜಾಕಿ ಮುಖ್ಯ. "ಡ್ರೈವರ್ ಚೆನ್ನಾಗಿದ್ರೆ ಡಬ್ಬಾ ಗಾಡೀನೂ ಓಡುತ್ತೆ" ಎನ್ನುವುದು ಅವರ ವಾದ. ಮೂರನೆಯವರು ನಮ್ಮ ರಸ್ತೆಯ ಕೊನೆಯ ಮನೆಯ ಗೌಡರು. ಮಲ್ಲತ್ತಹಳ್ಳಿಯ ಹಳೇ ಒಕ್ಕಲು. ಹೊಲವೆಲ್ಲ ಸೈಟಾದ ಮೇಲೆ ಇಲ್ಲಿಗೆ ಬಂದವರು. ಅವರ ತಂದೆ ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಗುಣ ಹೇಳುತ್ತಿದ್ದರಂತೆ. ಇವರು ಅದನ್ನೇ ಕುದುರೆಗೆ ಹಚ್ಚಿದ್ದಾರೆ. ಮೂವರಲ್ಲಿ ರೇಸ್ ಕೋರ್ಸಿಗೆ ನಿಜವಾಗಿ ಹೋಗುವವರೂ ಇವರೊಬ್ಬರೇ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವಾಗ ಬೇಲಿಗೆ ಆತುಕೊಂಡು ನಿಂತು ಫೋನ್ ಮಾಡುತ್ತಾರೆ. "ಆರನೇ ನಂಬರ್‌ದು ಲದ್ದಿ ನೀರಾಗೈತೆ, ಓಡಕ್ಕಿಲ್ಲ ಬಿಡಿ!"

ಈ ಮೂವರ ಕಮಿಟಿ ಶನಿವಾರ ಬೆಳಿಗ್ಗೆ ನಮ್ಮ ವರಾಂಡದಲ್ಲಿ ಸೇರುತ್ತದೆ. ದಿನದ ದೊಡ್ಡ ರೇಸಿಗೆ ಒಬ್ಬೊಬ್ಬರು ಒಂದೊಂದು ಕುದುರೆ ಹೇಳಬೇಕು. ಮೂರರಲ್ಲಿ ಯಾರ ಕುದುರೆ ಮುಂದೆ ಬಂತೋ ಅವರು ಗೆದ್ದಂತೆ. ಗೌಡರು ಮಾತ್ರ ಕೊನೇ ಗಳಿಗೆಯಲ್ಲಿ ಬದಲಾಯಿಸಬಹುದು. ಇದಕ್ಕೆ ಅತ್ತೆಯ ಆಕ್ಷೇಪಣೆ ಕಾಯಂ ಆಗಿ ಇದೆ. ಅವರ ಪ್ರಕಾರ ಅದು ಕಾಪಿ ಹೊಡೆಯುವುದು.

"ಟೀಚರಮ್ಮ, ನೀವು ಈ ಪಾಟಿ ಲೆಕ್ಕ ಹಾಕ್ತೀರಲ್ಲ, ಅದು ಆ ಕುದ್ರೆಗೆ ಗೊತ್ತಾ?" ಎಂದು ಗೌಡರು ಕೆಣಕುತ್ತಾರೆ.

"ನೀವು ಸುಳಿ ನೋಡೋದು ಗೊತ್ತಾ ಅದಕ್ಕೆ, ಗೌಡ್ರೇ?"

"ಗೊತ್ತಿರ್ತದೆ! ನನ್ ಕಂಡೇಟ್ಗೆ ಕಿವಿ ನೆಟ್ಟಗೆ ಮಾಡ್ತದೆ."

"ಕಡಲೆ ಕೊಡ್ತೀರೇನೋ ಅಂತ ಮಾಡುತ್ತೆ" ಎಂದು ಅಪ್ಪ ಮಧ್ಯೆ ಬಾಯಿ ಹಾಕಿದರೆ ಇಬ್ಬರೂ ಒಂದಾಗಿ ಅಪ್ಪನ ಮೇಲೆ ಬೀಳುತ್ತಾರೆ. ಅಪ್ಪ ನಂಬಿದ ಜಾಕಿ ಹಿಂದಿನ ತಿಂಗಳು ಗೆರೆ ದಾಟುವ ಮೊದಲೇ ಕೆಳಗೆ ಬಿದ್ದಿದ್ದ, ಅದನ್ನು ಇವರು ಸಾಯುವವರೆಗೆ ಮರೆಯುವವರಲ್ಲ.

ಈ ಪೈಪೋಟಿಗೆ ಪಣ ಏನು ಎಂದು ನೀವು ಕೇಳಬೇಕು. ದುಡ್ಡಲ್ಲ. ಕಮಿಟಿಯಲ್ಲಿ ದುಡ್ಡಿನ ಮಾತೆತ್ತಿದರೆ ಅತ್ತೆ ಎದ್ದು ಹೋಗುತ್ತಾರೆ. ಮೊದಮೊದಲು ಸೋತವರು ಕಾಫಿ ಕೊಡಿಸುವುದು ಎಂದಿತ್ತು. ಅತ್ತೆ ಒಂದು ದಿನ ಅದನ್ನೂ ತಿದ್ದಿದರು. ಕುದುರೆ ರೇಸಿನಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಚೆನ್ನಾಗಿ ಓಡುವ ಕುದುರೆಗೆ ಜೀನಿನಲ್ಲಿ ಸೀಸದ ತುಂಡು ಸೇರಿಸಿ ಹೆಚ್ಚು ಭಾರ ಹೊರಿಸುತ್ತಾರೆ. ಬಡಪಾಯಿ ಕುದುರೆಗೆ ಕಡಿಮೆ ಭಾರ. ಎಲ್ಲರಿಗೂ ಗೆಲ್ಲುವ ಅವಕಾಶ ಸಮನಾಗಿರಲಿ ಎಂದು. ಹಾಗಾಗಿ ಯಾವ ಕುದುರೆ ಎಷ್ಟು ಭಾರ ಹೊತ್ತಿದೆ ಎಂದು ನೋಡಿದರೆ ಸಾಕು, ಅದರ ಯೋಗ್ಯತೆ ತಿಳಿಯುತ್ತದೆ. "ಅಲ್ಲಿ ಗೆದ್ದೋರಿಗೆ ಭಾರ, ಇಲ್ಲಿ ಗೆದ್ದೋರಿಗೆ ಕಾಫಿ! ಇದ್ಯಾವ ಸೀಮೆ ನ್ಯಾಯ?" ಎಂದರು ಅತ್ತೆ. ಅಲ್ಲಿಗೆ ನಿಯಮ ಹುಟ್ಟಿತು. ಶನಿವಾರ ಗೆದ್ದವರು ಭಾನುವಾರ ಬೆಳಿಗ್ಗೆ ವಿಜಯನಗರದ ಮಾರ್ಕೆಟ್ಟಿನಿಂದ ಎರಡೂ ಮನೆಯ ತರಕಾರಿ ಹೊತ್ತು ತರಬೇಕು. ಸತತ ಎರಡನೇ ವಾರ ಗೆದ್ದರೆ ಮೇಲೊಂದು ಕುಂಬಳಕಾಯಿ. ಆಟೋ ಹತ್ತುವಂತಿಲ್ಲ. ಯಾಕೆಂದರೆ ಕುದುರೆ ಆಟೋ ಹತ್ತುವುದಿಲ್ಲ!

ಇದು ಶಿಕ್ಷೆ ಎಂದುಕೊಂಡಿರಾ? ಅದೇ ನೋಡಿ ತಪ್ಪು. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಅಪ್ಪ ಗೆದ್ದ ಒಂದು ಭಾನುವಾರ ಎಲ್ಲರಿಗೂ ಕಾಣಲಿ ಎಂದು ಪಾರ್ಕನ್ನು ಎರಡು ಸಲ ಸುತ್ತಿ ಬಂದರು. "ಗ್ಯಾಸ್ ಸಿಲಿಂಡರ್ ಸ್ವಲ್ಪ ಸರಿಸಿ ಅಂದ್ರೆ ಸೊಂಟ ನೋವು, ಈಗ ನೋಡಿ!" ಎಂದು ಅಮ್ಮ ಬಾಗಿಲಲ್ಲೇ ನಿಂತು ಹೇಳಿದರು. ಅಪ್ಪನಿಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು.

ಆದರೆ ಹೆಚ್ಚಾಗಿ ಹೊರುತ್ತಿದ್ದವರು ಅತ್ತೆಯೇ. ಒಮ್ಮೆ ಸತತ ಮೂರು ವಾರ ಗೆದ್ದು, ಎರಡೂ ಕೈಯಲ್ಲಿ ಚೀಲ, ಒಂದು ಚೀಲದಲ್ಲಿ ಕುಂಬಳಕಾಯಿ, ಮುಂದೆ ಮುಂದೆ ನಡೆದು ಬರುತ್ತಿದ್ದರು. ಹಿಂದೆ ಕೈ ಬೀಸಿಕೊಂಡು ಅಪ್ಪ ಮತ್ತು ಗೌಡರು. ಫಲಿತಾಂಶ ಓದಿ ಹೇಳುವ ಅಧಿಕಾರಿಣಿಯಾಗಿ ಕೊನೆಯಲ್ಲಿ ನಾನು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಗಕ್ಕನೆ ನಿಲ್ಲಿಸಿ ಹೆಲ್ಮೆಟ್ ತೆಗೆದ.

"ಏನ್ ಸಾರ್, ನಾಚ್ಕೆ ಆಗಲ್ವಾ? ವಯಸ್ಸಾದೋರ ಕೈಲಿ ಹೊರಿಸ್ಕೊಂಡು ಆರಾಮಾಗಿ ಬರ್ತಾ ಇದೀರಲ್ಲ! ಕೊಡಿ ಆಂಟಿ ಇಲ್ಲಿ" ಎಂದು ಚೀಲಕ್ಕೆ ಕೈ ಹಾಕಿದ.

"ಬಿಡೋ ಚೀಲ!" ಎಂದು ಅತ್ತೆ ಗುಡುಗಿದರು. "ನಾನು ಗೆದ್ದಿರೋದು! ಬೇಕಾದ್ರೆ ನೀನೂ ಗೆದ್ದು ಹೊತ್ಕೋ!"

ಆ ಹುಡುಗ ಮೂವರ ಮುಖವನ್ನೂ ನೋಡಿ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಸಹಾಯ ಮಾಡಲು ಇನ್ನು ಅವನು ಎಲ್ಲೂ ಬೈಕ್ ನಿಲ್ಲಿಸಲಾರ ಎಂದು ನನಗೆ ಸಂಕಟವಾಯಿತು.

ಹೋದ ವರ್ಷ ಅತ್ತೆಗೆ ಎದೆನೋವು ಬಂತು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಉಪ್ಪು, ಎಣ್ಣೆ, ಮೆಟ್ಟಿಲು ಎಲ್ಲದರ ಬಗ್ಗೆ ಹೇಳಿ ಕೊನೆಗೆ, "ಇನ್ನು ಮೇಲೆ ಭಾರ ಎತ್ತೋ ಮಾತೇ ಇಲ್ಲ ಮೇಡಂ" ಎಂದರು. ಉಪ್ಪು ಬಿಡುವುದಕ್ಕೆ ಒಪ್ಪಿದ ಅತ್ತೆ ಆ ಮಾತಿಗೆ ಮಾತ್ರ ಮುಖ ತಿರುಗಿಸಿದರು.

ಅತ್ತೆಯನ್ನು ಕೆಳಗಿನ ಕೋಣೆಗೆ ತಂದೆವು. ಕಮಿಟಿಯೂ ಅಲ್ಲೇ ಸೇರತೊಡಗಿತು. ಆದರೆ ಏನೋ ಕೆಟ್ಟಿತ್ತು. ಗೌಡರು ಎಳನೀರು ತಂದಿಟ್ಟು ಮೆಲ್ಲಗೆ ಮಾತಾಡಿದರು. ಅಪ್ಪ ಅಕ್ಕನ ಲೆಕ್ಕವನ್ನು ಹೊಗಳಿದರು! ಅರವತ್ತಾರು ವರ್ಷದಲ್ಲಿ ಮೊದಲ ಸಲ. ಮೊದಲ ಶನಿವಾರವೇ ಅತ್ತೆ ಹೇಳಿದ ಕುದುರೆ ಗೆದ್ದಿತು. ಭಾನುವಾರ ಅತ್ತೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದರೆ ಅಪ್ಪ, "ನಿಂಗೆ ಮಾಫಿ ಅಕ್ಕ. ನೀನು ರೆಸ್ಟ್ ತಗೋ, ನಾವು ತರ್ತೀವಿ" ಎಂದು ಚೀಲ ತೆಗೆದುಕೊಂಡು ಹೊರಟುಬಿಟ್ಟರು. ಅತ್ತೆ ಬಹಳ ಹೊತ್ತು ಚಪ್ಪಲಿ ಬಿಚ್ಚಲಿಲ್ಲ.

ಆಮೇಲೆ ಅತ್ತೆ ಸೋಲತೊಡಗಿದರು. ಒಂದು ವಾರ, ಎರಡು ವಾರ, ಐದು ವಾರ. ಅವರು ಹೇಳಿದ ಕುದುರೆಗಳು ಕೊನೆಯಲ್ಲೋ ಕೊನೆಯಿಂದ ಎರಡನೆಯದೋ ಬರುತ್ತಿದ್ದವು. ಆಪರೇಷನ್ ಆದ ಮೇಲೆ ತಲೆ ಓಡುತ್ತಿಲ್ಲವೇನೋ ಎಂದು ಅಮ್ಮ ಪಿಸುಗುಟ್ಟಿದರು. ನನಗೂ ಹೆದರಿಕೆಯಾಯಿತು. ಲೆಕ್ಕ ಹೋದರೆ ನಮ್ಮತ್ತೆಯಲ್ಲಿ ಇನ್ನೇನು ಉಳಿಯುತ್ತದೆ?

ಕಂಡುಹಿಡಿದವರು ಗೌಡರು. ಅದರ ಮುಂದಿನ ಶನಿವಾರ ಅತ್ತೆ ಸ್ನಾನಕ್ಕೆ ಹೋದಾಗ ದಿಂಬಿನ ಪಕ್ಕದಲ್ಲಿದ್ದ ಹಳೆಯ ರೇಸ್ ಬುಕ್ಕುಗಳನ್ನು ತಿರುವಿಹಾಕಿದರು. ಐದೂ ವಾರ ಗೆದ್ದ ಕುದುರೆಗಳಲ್ಲಿ ಮೂರಕ್ಕೆ ಕೆಂಪು ಶಾಯಿಯಲ್ಲಿ ತೊಂಬತ್ತರ ಮೇಲೆ ಅಂಕ ಬಿದ್ದಿತ್ತು. ಅತ್ತೆ ನಮಗೆ ಹೇಳಿದ ಕುದುರೆಗಳಿಗೆಲ್ಲ ಮೂವತ್ತು, ಮೂವತ್ತೆರಡು. ಒಂದಕ್ಕಂತೂ, "ಈ ವರ್ಷವೂ ಅದೇ ತರಗತಿ!"

ಅತ್ತೆ ಬರುತ್ತಿದ್ದಂತೆ ಗೌಡರು ಪುಸ್ತಕ ಹಿಡಿದು ಎದ್ದು ನಿಂತರು. ಎರಡು ತಿಂಗಳಿನಿಂದ ಇಲ್ಲದ ದನಿ ವಾಪಸ್ಸು ಬಂದಿತ್ತು.

"ಟೀಚರಮ್ಮ, ಇದೇನಿದು? ಜಾಕಿ ಬೇಕ್ಬೇಕಂತ ಕುದ್ರೆ ಹಿಡಿದು ಎಳುದ್ರೆ ಅವ್ನ ಲೈಸೆನ್ಸ್ ಕಿತ್ಕತಾರೆ, ಗೊತ್ತಾ? ಗೊತ್ತಿದ್ದೂ ಗೊತ್ತಿದ್ದೂ ಸೋತಿದೀರ ನೀವು! ಮೋಸ ಅಲ್ವಾ ಇದು?"

ಅತ್ತೆ ಮಂಚದ ಮೇಲೆ ಕೂತರು. ತಪ್ಪು ಮಾಡಿ ಸಿಕ್ಕಿಬಿದ್ದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು.

"ಗೆದ್ದು ಮನೇಲಿ ಕೂರೋದಕ್ಕಿಂತ ಸೋಲೋದು ಮೇಲು ಗೌಡ್ರೇ" ಎಂದರು. "ಭಾರ ಹೊರಿಸದೆ ಯಾವ ಕುದುರೇನ ಓಡಿಸ್ತಾರೆ ಹೇಳಿ? ನೀವಿಬ್ರೂ ನನ್ನ ರೇಸಿಂದಾನೇ ತೆಗೆದುಹಾಕಿದ್ರಿ."

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ಗೌಡರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, ಪಂಚಾಯ್ತಿ ಕಟ್ಟೆಯ ಮೇಲೆ ಕೂತವರ ಹಾಗೆ ತೀರ್ಪು ಕೊಟ್ಟರು. "ತಪ್ಪು ನಮ್ದೂ ಐತೆ. ಯಾವ್ ಕುದ್ರೆಗೆ ಎಷ್ಟ್ ಭಾರ ಅಂತ ಕುದ್ರೇನೂ ಹೇಳಂಗಿಲ್ಲ, ಡಾಕ್ಟ್ರೂ ಹೇಳಂಗಿಲ್ಲ, ಕಮಿಟಿ ಹೇಳ್ಬೇಕು. ಇನ್ಮೇಲೆ ಟೀಚರಮ್ಮ ಗೆದ್ರೆ ಅವ್ರಿಗೆ ಒಂದ್ ಕಟ್ಟು ಕೊತ್ತಂಬ್ರಿ ಸೊಪ್ಪು. ಮಿಕ್ಕಿದ್ದು ಸೋತೋರು ಹೊರ್ಬೇಕು. ಆದ್ರೆ ನಡ್ಕಂಡೇ ಬರ್ಬೇಕು, ಆಟೋ ಇಲ್ಲ."

"ಎರಡು ಕಟ್ಟು" ಎಂದು ಅತ್ತೆ ಚೌಕಾಸಿಗೆ ಇಳಿದರು.

"ಒಂದೇ. ಸತತ ಎರಡ್ ವಾರ ಗೆದ್ರೆ ಮೇಲೊಂದು ಕರಿಬೇವು, ಸಾಕು."

ನಡೆಯುವುದಕ್ಕೆ ಡಾಕ್ಟರು ಬೇಡ ಎಂದಿರಲಿಲ್ಲ, ದಿನಾ ನಡೆಯಿರಿ ಎಂದೇ ಹೇಳಿದ್ದರು. ಅವತ್ತು ಮಧ್ಯಾಹ್ನ ಅತ್ತೆ ತೊಂಬತ್ತೇಳು ಅಂಕ ಕೊಟ್ಟ ಕುದುರೆ ಗೆದ್ದಿತು. ನಾನು ಫೋನಿನಲ್ಲಿ ನೋಡಿ ಓದಿದಾಗ, "ಲೆಕ್ಕ ಸರಿ ಇದೆ" ಎಂದರು, ಅಷ್ಟೇ.

ಭಾನುವಾರ ಮಾರ್ಕೆಟ್ಟಿನವರೆಗೆ ನನ್ನ ಕಾರು, ಬರುವಾಗ ಅದನ್ನು ಅಲ್ಲೇ ಬಿಟ್ಟು ನಡಿಗೆ. ಅತ್ತೆ ಕೊತ್ತಂಬರಿ ಕಟ್ಟನ್ನು ಎದೆಗೆ ಒತ್ತಿ ಹಿಡಿದು ಮುಂದೆ ಹೊರಟರು. ಹಿಂದೆ ಎರಡು ಮನೆಯ ಚೀಲ ಹೊತ್ತು ಅಪ್ಪ ಮತ್ತು ಗೌಡರು. ಅತ್ತೆಯ ನಡಿಗೆ ಎಷ್ಟು ನಿಧಾನವೆಂದರೆ ಸೊಪ್ಪು ಮಾರುವವಳ ಗಾಡಿಯೂ ನಮ್ಮನ್ನು ದಾಟಿ ಹೋಯಿತು. ಆದರೆ ಇವರಿಬ್ಬರೂ ಒಂದು ಹೆಜ್ಜೆ ಕೂಡ ಮುಂದಿಡಲಿಲ್ಲ. ತಿರುವಿಗೊಂದು ಸಲ ಅತ್ತೆ ಉಸಿರಿಗಾಗಿ ನಿಲ್ಲುತ್ತಿದ್ದರು. ಅವರು ನಿಂತರೆ ಇವರೂ ನಿಂತು, ಜಾಕಿ ದೊಡ್ಡವನೋ ಸುಳಿ ದೊಡ್ಡದೋ ಎಂದು ಜೋರಾಗಿ ಜಗಳ ಶುರು ಮಾಡುತ್ತಿದ್ದರು. ಕೈಬೆರಳು ಕೆಂಪಾಗಿದ್ದರೂ ಚೀಲ ಕೆಳಗಿಡಲಿಲ್ಲ. ಇಟ್ಟರೆ ಅವರಿಗಾಗಿ ಕಾಯುತ್ತಿದ್ದೇವೆ ಎಂದು ಗೊತ್ತಾಗಿಬಿಡುತ್ತದಲ್ಲ! ಈ ಮೂವರನ್ನು ನೋಡಿ ಇಷ್ಟು ವರ್ಷ ನಾನು ಹುಚ್ಚರೆಂದು ನಕ್ಕಿದ್ದೆ. ಅವತ್ತು ನಗು ಬರಲಿಲ್ಲ.

ನಮ್ಮ ರಸ್ತೆಯ ತಿರುವಿನಲ್ಲಿ ಅತ್ತೆ ಬಹಳ ಹೊತ್ತು ನಿಂತರು. ಆಮೇಲೆ ಹಿಂದೆ ತಿರುಗಿ, ಬೆವರು ಸುರಿಸುತ್ತಿದ್ದ ತಮ್ಮನನ್ನು ನೋಡಿದರು.

"ಏನೋ, ಸುಸ್ತಾಯ್ತಾ?"

"ಹೂಂ ಕಣಕ್ಕ" ಎಂದರು ಅಪ್ಪ. "ಸ್ವಲ್ಪ ನಿಧಾನಕ್ಕೆ ನಡಿ. ನಿನ್ನ ಸ್ಪೀಡಿಗೆ ನಮ್ ಕೈಲಾಗಲ್ಲ."