ಮುರಿಗೆವ್ವನ ಚಾರ್ಜರು ಜಪ್ತಿಯಾದದ್ದು

ಫೋನಿಲ್ಲದೆ ಗೋಡೆಯಲ್ಲಿ ಸುಮ್ಮನೆ ಕೂತ ಚಾರ್ಜರು ಕೂಡ ಅಷ್ಟಿಷ್ಟು ಕರೆಂಟು ತಿನ್ನುತ್ತದೆ ಎಂಬುದು ನಿರ್ವಿವಾದ ಸಂಗತಿ. ಈ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಿಗೆ ಸೇರಿ ‘ನಿಷ್ಫಲ ವಿದ್ಯುತ್ ನಿಗ್ರಹ ಕೋಶ’ವನ್ನು ಸ್ಥಾಪಿಸಲಾಯಿತು. ಕೋಶಕ್ಕೆ ಶಿರಸಿಯಲ್ಲಿ ಒಂದು ಹಳೆಯ ಗೋದಾಮು, ಒಂದು ಜೀಪು, ಮತ್ತು ಯಾರ ಮನೆಯ ಗೋಡೆಯನ್ನಾದರೂ ಪರಿಶೀಲಿಸುವ ಅಧಿಕಾರ ದೊರೆಯಿತು.

ದಾಸನಕೊಪ್ಪದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಮುರಿಗೆವ್ವನಿಗೆ ಈ ಸ್ಥಾಪನೆಯ ಸುದ್ದಿ ತಿಳಿದದ್ದು ಜೀಪು ಅವಳ ಬಾಗಿಲಿಗೇ ಬಂದು ನಿಂತಾಗ. ಅವಳು ಹೆಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಫೋನು ಸೊಂಟದ ಚೀಲದಲ್ಲಿತ್ತು, ಚಾರ್ಜರು ಗೋಡೆಯಲ್ಲಿತ್ತು. ಕೋಶದ ದೃಷ್ಟಿಯಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿರಲಿಲ್ಲ.

ಪರಿಶೀಲನಾಧಿಕಾರಿ ಕಮಲಾಕರ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಸಿದ್ದಾಪುರ ಕಡೆಯ ಮನುಷ್ಯ, ಸಜ್ಜನ. ಕೆಲಸದ ಮೇಲೆ ಎಷ್ಟು ನಿಷ್ಠೆ ಎಂದರೆ, ಅವನ ಹೆಂಡತಿ ಪರಿಮಳಾ ಹೆದರಿ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿಟ್ಟಿದ್ದಳು, ಒಡೆದ ಹಾಲಿನ ಚಹಾವನ್ನು ಅವನು ತುಟಿಪಿಟಕ್ಕೆನ್ನದೆ ಕುಡಿಯುತ್ತಿದ್ದ.

“ಅಮ್ಮಾ, ಇದು ಎಷ್ಟು ದಿನದಿಂದ ಹೀಗೇ ಇದೆ?” ಎಂದು ಚಾರ್ಜರು ತೋರಿಸಿ ಕೇಳಿದ.

“ಯುಗಾದಿಯಿಂದ ಐತ್ರಿ. ಆ ಸಾಕೆಟ್ ಸಡ್ಲ ಆಗೇತಿ. ಕಿತ್ತರ ಮತ್ತ ಕೂಡಂಗಿಲ್ಲ.”

“ತಪ್ಪೊಪ್ಪಿಕೊಂಡಿದ್ದಾರೆ” ಎಂದು ಕಮಲಾಕರ ಜೊತೆಗೆ ಬಂದ ಗುಮಾಸ್ತನಿಗೆ ಹೇಳಿದ. ಗುಮಾಸ್ತ ಚಾರ್ಜರನ್ನು ಕಿತ್ತು, ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿದ.

ಆಗ ಮುರಿಗೆವ್ವನಿಗೆ ಗಾಬರಿಯಾಯಿತು. ಕಿರವತ್ತಿಗೆ ಕೊಟ್ಟ ಮಗಳು ದಿವ್ಯಾಗೆ ದಿನ ತುಂಬಿತ್ತು. ಬಸ್ಸಿನಲ್ಲಿ ಕುಲುಕಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬಂದಿರಲಿಲ್ಲ. ಬೇನೆ ಶುರುವಾದ ಕೂಡಲೇ ಅಳಿಯ ಕಿರಣ ಫೋನು ಮಾಡುವುದು, ಇವಳು ಸಿಕ್ಕ ಗಾಡಿ ಹತ್ತುವುದು ಎಂದು ಮಾತಾಗಿತ್ತು.

“ಸಾಹೇಬ್ರ, ಮಗಳ ಹೆರಿಗಿ ಐತ್ರಿ. ಫೋನ್ ಸತ್ತರ ಹ್ಯಾಂಗ್ರಿ?”

ಕಮಲಾಕರ ನಿಜವಾಗಿಯೂ ಯೋಚಿಸಿದ. “ಹೆರಿಗೆಗೆ ಕೋಶದ ಆಕ್ಷೇಪಣೆ ಏನೂ ಇಲ್ಲ” ಎಂದ.

ಅಕ್ಕಪಕ್ಕದ ಮನೆಗಳಲ್ಲಿ ಚಾರ್ಜರು ಕೇಳೋಣವೆಂದರೆ ಜೀಪು ಆಗಲೇ ಅಲ್ಲೆಲ್ಲ ಹೋಗಿಬಂದಿತ್ತು. ಅಂಗಡಿಯಲ್ಲಿ ಹೊಸದನ್ನು ಕೇಳಿದರೆ ಹಳೆಯದರ ವಿಚಾರಣೆ ಮುಗಿದ ಪತ್ರ ತಾ ಎಂದರು. ಮಾರನೆಯ ದಿನ ಸಂಜೆ ಫೋನು ಒಮ್ಮೆ ಗುಂಯ್‌ಗುಟ್ಟಿ ಆರಿಹೋಯಿತು. ಮುರಿಗೆವ್ವ ರಾತ್ರಿಯೆಲ್ಲ ಅದನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಒಂದು ಕಟ್ಟು ರೊಟ್ಟಿ ಕಂಕುಳಿಗಿಟ್ಟುಕೊಂಡು ಶಿರಸಿ ಬಸ್ಸು ಹತ್ತಿದಳು.

ಗೋದಾಮಿನ ಬಾಗಿಲಲ್ಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಳಗೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಸಾಕೆಟ್ಟು, ಪ್ರತಿ ಸಾಕೆಟ್ಟಿನಲ್ಲೂ ಒಂದು ಚಾರ್ಜರು. ಸಾವಿರಾರು ಚಾರ್ಜರುಗಳು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿದ್ದವು. ಅವುಗಳ ಕಾವು ತಣಿಸಲು ತಲೆಯ ಮೇಲೆ ಸಾಲು ಸಾಲು ಫ್ಯಾನುಗಳು, ಕಾವಲಿಗೆ ಹಗಲೂ ಉರಿಯುವ ದೊಡ್ಡ ದೀಪಗಳು, ಕರೆಂಟು ಹೋದರೆ ಇರಲಿ ಎಂದು ಹಿತ್ತಿಲಲ್ಲಿ ಜನರೇಟರು.

“ಇವನ್ನೆಲ್ಲ ಯಾಕ ಹಚ್ಚಿಟ್ಟೀರಿ?” ಎಂದು ಮುರಿಗೆವ್ವ ಕೇಳಿದಳು.

ಕಮಲಾಕರ ಬೇಸರಿಸದೆ ವಿವರಿಸಿದ. “ಜಪ್ತಿಯಾದ ಮಾಲನ್ನು ಸಿಕ್ಕಿದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು ಅಂತ ನಿಯಮ. ಇವು ಸಿಕ್ಕಿದ್ದು ಪ್ಲಗ್ಗಿನಲ್ಲಿ. ಕಿತ್ತಿಟ್ಟರೆ ಸಾಕ್ಷ್ಯನಾಶ ಆಗ್ತದೆ.”

ಮುರಿಗೆವ್ವ ತಲೆಯಾಡಿಸಿದಳು. ತನ್ನ ಚಾರ್ಜರನ್ನು ಅವಳು ದೂರದಿಂದಲೇ ಗುರುತಿಸಿದಳು, ಅದರ ಸಂದಿಯಲ್ಲಿ ಜೋಳದ ಹಿಟ್ಟಿತ್ತು.

“ಒಂದೀಟು ಹಚ್ಚಿಕೊಳ್ಳಲೇನ್ರಿ?”

“ಮಾಲಕರು ಭೇಟಿ ಸಮಯದಲ್ಲಿ ಬಂದು ನೋಡಬಹುದು. ಮುಟ್ಟುವ ಹಾಗಿಲ್ಲ.”

“ನಾ ಮುಟ್ಟಂಗಿಲ್ರಿ. ಫೋನ್ ಮುಟ್ಟತೈತಿ.”

ಕಮಲಾಕರ ಒಳಗೆ ಹೋಗಿ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಬಂದ. ಫೋನು ಮುಟ್ಟಬಾರದೆಂದು ಎಲ್ಲೂ ಬರೆದಿರಲಿಲ್ಲ. ಅವನು ಮುಖ ಆಚೆ ತಿರುಗಿಸಿ ನಿಂತ. ಅವಳು ಸೆರಗಿನಲ್ಲಿ ಹಿಡಿದು ವೈರಿನ ತುದಿಯನ್ನು ಫೋನಿಗೆ ಕೂರಿಸಿದಳು.

ಫೋನಿಗೆ ಜೀವ ಬರುತ್ತಿದ್ದಂತೆ ಅದು ಒಂದರ ಹಿಂದೊಂದು ಕೂಗಿಕೊಳ್ಳತೊಡಗಿತು. ಎಲ್ಲ ತಪ್ಪಿಹೋದ ಕಿರಣನ ಕರೆಗಳ ಸಂದೇಶಗಳು. ಮುರಿಗೆವ್ವ ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

“ಅತ್ತಿ, ನಿನ್ನಿ ರಾತ್ರಿಯಿಂದ ಫೋನ್ ಹಚ್ಚಾಕತ್ತೀನಿ” ಎಂದ ಕಿರಣ. “ಹೆಣ್ಣು ಹುಟ್ಟೇತಿ. ಇಬ್ಬರೂ ಅರಾಮ ಅದಾರ. ದಿವ್ಯಾ ನಿಮ್ಮನ್ನ ಭಾಳ ಕೇಳಿದ್ಲು.”

ಮುರಿಗೆವ್ವ ನೆಲಕ್ಕೆ ಕೂತುಬಿಟ್ಟಳು. ಮಗಳು ನೋವು ತಿನ್ನುವಾಗ ತಾನು ಸತ್ತ ಫೋನಿನ ಪಕ್ಕ ಮಲಗಿದ್ದೆ ಎಂಬುದು ಅವಳಿಗೆ ನುಂಗಲಾರದ ತುತ್ತಾಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಕಮಲಾಕರನಿಗೂ ಕಸಿವಿಸಿಯಾಯಿತು. ಅವನು ಒಂದು ಲೋಟ ನೀರು ತಂದುಕೊಟ್ಟ.

“ಭೇಟಿ ಸಮಯ ಮುಗೀತು. ಆದರೂ ಶಿಶುಜನನದ ನಿಮಿತ್ತ ಸ್ವಲ್ಪ ಹೊತ್ತು ಹೆಚ್ಚಿಗೆ ಕೊಡ್ತೇನೆ” ಎಂದ.

ಅವಳು ಕಣ್ಣೊರೆಸಿಕೊಂಡು ರೊಟ್ಟಿಯ ಕಟ್ಟು ಬಿಚ್ಚಿದಳು. ಕೋಶದ ಸಿಬ್ಬಂದಿಯೆಲ್ಲ ನಿಂತುಕೊಂಡೇ ತಿಂದರು. ಅವಳು ಅಲ್ಲಿಂದ ನೇರ ಕಿರವತ್ತಿಗೆ ಹೋದಳು.

ಫೋನು ಮುಟ್ಟಬಹುದು ಎಂಬ ಸುದ್ದಿ ಬಸ್ಸಿಗಿಂತ ಮೊದಲೇ ಊರೂರು ಮುಟ್ಟಿತು. ಮುಂದಿನ ವಾರದಿಂದ ಮೂರು ತಾಲೂಕಿನ ಜನ ತಂತಮ್ಮ ಚಾರ್ಜರಿನ ಭೇಟಿಗೆ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಗೋದಾಮಿನ ಹೊರಗೆ ಚಹಾದಂಗಡಿ, ಮಂಡಕ್ಕಿ ಗಾಡಿ, ಚಪ್ಪಲಿ ಕಾಯುವವನು, ಎಲ್ಲ ಬಂದರು. ಇತ್ತ ಕೋಶವೊಂದೇ ಇಡೀ ಪೇಟೆಗಿಂತ ಹೆಚ್ಚು ಕರೆಂಟು ಉಣ್ಣುತ್ತಿದೆ ಎಂದು ಮೇಲಿನವರು ವಿವರಣೆ ಕೇಳಿದರು. ಕಮಲಾಕರ ಹೀಗೆ ಉತ್ತರಿಸಿದ: “ಮನೆಗಳಲ್ಲಿ ಸೋರಿಕೆ ಸಂಪೂರ್ಣ ನಿಂತಿರುತ್ತದೆ. ಕೋಶದಲ್ಲಿ ಆಗುತ್ತಿರುವುದು ಸೋರಿಕೆಯಲ್ಲ, ಸಂರಕ್ಷಣೆ.”

ಮೇಲಿನವರಿಗೆ ಇದು ಒಪ್ಪಿಗೆಯಾಯಿತು. ಆದರೆ ಸಂರಕ್ಷಣೆಗೆ ಕರೆಂಟು ಸಾಲದೆ ಬಂದದ್ದರಿಂದ ಒಂದು ದಿನ ದಾಸನಕೊಪ್ಪದಲ್ಲಿ ಆಟೋ ಮೈಕು ಸಾರಿತು: “ವಿದ್ಯುತ್ ಉಳಿತಾಯದಲ್ಲಿ ತಮ್ಮ ಗ್ರಾಮವು ಪ್ರಥಮ ಸ್ಥಾನ ಪಡೆದಿರುತ್ತದೆ. ಉಳಿದ ವಿದ್ಯುತ್ತು ಪುನಃ ಖರ್ಚಾಗಿ ಹೋಗದಂತೆ ತಡೆಯುವ ಸಲುವಾಗಿ ನಾಳೆಯಿಂದ ಮನೆಗಳಿಗೆ ವಿದ್ಯುತ್ ಸರಬರಾಜು ಇರುವುದಿಲ್ಲ. ಗ್ರಾಮಸ್ಥರಿಗೆ ಹಾರ್ದಿಕ ಅಭಿನಂದನೆಗಳು.”

ಜನ ಮನೆಯಿಂದ ಹೊರಗೆ ಬಂದು ಕೇಳಿದರು. ಪ್ರಥಮ ಸ್ಥಾನ ಎಂದಾಗ ಕೆಲವರು ಚಪ್ಪಾಳೆ ತಟ್ಟಿದರು. ಶಿರಸಿಯ ಓಣಿಗಳಿಗೂ, ಕಿರವತ್ತಿಗೂ ಅದೇ ಅಭಿನಂದನೆ ತಲುಪಿತು.

ಹೀಗಾಗಿ ಮೊಮ್ಮಗಳಿಗೆ ಹೆಸರಿಡುವ ಹೊತ್ತಿಗೆ ದೀಪ, ಫ್ಯಾನು ಇದ್ದ ಜಾಗ ಸುತ್ತಮುತ್ತ ಕೋಶವೊಂದೇ. ಅದು ದಾಸನಕೊಪ್ಪಕ್ಕೂ ಕಿರವತ್ತಿಗೂ ನಡುವೆ ಬೀಳುವುದರಿಂದ, ಅಲ್ಲೇ ಹೆಸರಿಡುವುದಕ್ಕೆ ಬೀಗರ ಕಡೆಯವರೂ ಹೂಂ ಅಂದರು. ಕಮಲಾಕರ ಅನುಮತಿ ಕೊಡಿಸಿದ. ಸಾಕ್ಷ್ಯಗಳಿಗೆ ಅರಿಸಿನ ಕುಂಕುಮ ಸಿಡಿಯಬಾರದು ಎಂಬುದೊಂದೇ ಷರತ್ತು.

ಚಾರ್ಜರುಗಳ ಸಾಲಿನ ನಡುವೆ ತೊಟ್ಟಿಲು ಕಟ್ಟಿದರು. ಆ ಬೆಚ್ಚನೆಯ ಗುಂಯ್‌ಗುಡುವಿಕೆಗೆ ಮಗು ಎಂದೂ ಇಲ್ಲದ ಹಾಗೆ ಒಳ್ಳೆಯ ನಿದ್ದೆ ಹೋಯಿತು. ದಿವ್ಯಾ ತಾಯಿಯ ಭುಜಕ್ಕೆ ಒರಗಿ ಕೂತಿದ್ದಳು. ಬಂದವರೆಲ್ಲ ಮೊದಲು ತಮ್ಮ ಫೋನು ಹಚ್ಚಿ, ಆಮೇಲೆ ಮಗುವನ್ನು ನೋಡಿ, ಊಟಕ್ಕೆ ಕೂತರು. ಇಷ್ಟು ಬೆಳಕಿನಲ್ಲಿ ಹೋಳಿಗೆ ತಿಂದು ಎಷ್ಟು ದಿನವಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ದಾಸನಕೊಪ್ಪದ ಕೆರಿಯ ಎಂಬ ಮುದುಕನೊಬ್ಬನೇ ಎಲೆಯಿಂದ ತಲೆಯೆತ್ತಿ ಕೇಳಿದ: “ಅಲ್ಲಾ, ನಮ್ಮ ಮನಿಗೋಳಿಗೆ ಕರೆಂಟ್ ಮತ್ತ ಯಾವಾಗ ಬರತೈತಿ?”

ಪಂಕ್ತಿಯಲ್ಲಿ ಆಸೆಬುರುಕನನ್ನು ನೋಡುವ ಹಾಗೆ ಎಲ್ಲರೂ ಅವನ ಕಡೆ ನೋಡಿದರು. ಮುರಿಗೆವ್ವ ಬುಟ್ಟಿ ಹಿಡಿದು ಬಂದು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟಳು.

“ಮನಿಗೆ ಕರೆಂಟ್ ಬಂದ್ರ ಉಳಿಸಿದ್ದೆಲ್ಲಾ ಹಾಳಾಗತೈತಲ್ಲೋ ಅಣ್ಣಾ” ಎಂದಳು. “ಸುಮ್ನ ಉಣ್ಣು.”